ಹಸನು ಮಾಡಿದ ಮೆಣಸು, ಹದಗೆಟ್ಟ ಮಾತು

ಪ್ರಶ್ನೆ: ನಮ್ಮ ಕಾಕಾ ಸೇಡಂನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಬಿ.ಕಾಂ. ಓದುತ್ತೇನೆ, ಸಂಜೆ ಹೊತ್ತು ಗಲ್ಲಾ ಮೇಲೆ ಕೂಡುತ್ತೇನೆ. ಹೋದ ವಾರ ಬಂದ ಕರಿಮೆಣಸಿನ ಚೀಲದ ಮೇಲೆ 'ಮಲಬಾರ್ ಗಾರ್ಬಲ್ಡ್, ಎಂಜಿ 1' ಎಂದು ಅಚ್ಚಾಗಿತ್ತು. ಮೊಬೈಲಿನ ನಿಘಂಟಿನಲ್ಲಿ ನೋಡಿದರೆ 'ಗಾರ್ಬಲ್' ಅಂದರೆ ಮಾತನ್ನು ತಿರುಚುವುದು, ಅರ್ಥವಾಗದಂತೆ ಕೆಡಿಸುವುದು ಎಂದಿದೆ. ಕಾಕಾಗೆ ಓದಿ ಹೇಳಿದೆ. "ಕೆಟ್ಟ ಮಾಲ್ ಕಳಿಸ್ಯಾರೇನ್? ವಾಪಸ್ ಕಳಸ್" ಅಂದರು. ಮಾತಿಗೂ ಮೆಣಸಿಗೂ ಏನು ಸಂಬಂಧ? ಈ ಶಬ್ದ ಎಲ್ಲಿಂದ ಬಂತು, ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ಮೊದಲು ಕಾಕಾ ಅವರಿಗೆ ಹೇಳಿ, ಚೀಲ ವಾಪಸ್ ಕಳಿಸುವುದು ಬೇಡ. ಆ ಮೆಣಸು ಕೆಟ್ಟದ್ದಲ್ಲ, ಹಸನು ಮಾಡಿದ್ದು. ಚೀಲದ ಮೇಲಿನ 'ಗಾರ್ಬಲ್ಡ್'ಗೂ ನಿಮ್ಮ ಮೊಬೈಲಿನ 'ಗಾರ್ಬಲ್ಡ್'ಗೂ ಶಬ್ದ ಒಂದೇ. ಆದರೆ ಚೀಲದ ಮೇಲಿರುವುದು ಅಜ್ಜ, ನಿಘಂಟಿನಲ್ಲಿ ಮೊದಲು ಕಂಡದ್ದು ಮರಿಮೊಮ್ಮಗ. ಇಂಗ್ಲಿಷ್ ಮಾತನಾಡುವ ಊರುಗಳಲ್ಲಿ ಅಜ್ಜ ತೀರಿಹೋಗಿ ಬಹಳ ಕಾಲವಾಯಿತು. ನಮ್ಮ ದೇಶದ ಮಸಾಲೆ ವ್ಯಾಪಾರದಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೇ ಈ ಅಜ್ಜನ ಮುಖ ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ನಮ್ಮ ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ, ನಿಮ್ಮದೇ ಥರದ ಚೀಲದ ಮೇಲೆ.

ಚೀಲದಿಂದಲೇ ಶುರು ಮಾಡೋಣ. ಕರಿಮೆಣಸಿಗೆ ಅಗ್‌ಮಾರ್ಕ್, ಅಂದರೆ ಸರ್ಕಾರದ ಗುಣಮಟ್ಟದ ಗುರುತಿನ, ದರ್ಜೆಗಳಿವೆ. ಅದರಲ್ಲಿ 'ಎಂಜಿ' ಅಂದರೆ ಮಲಬಾರ್ ಗಾರ್ಬಲ್ಡ್. ಮಲಬಾರ್ ಮೆಣಸನ್ನು ಜರಡಿ ಹಿಡಿದು, ಮಣ್ಣು, ಕಡ್ಡಿ, ತೊಟ್ಟು, ಜಳ್ಳು ತೆಗೆದ ಮಾಲು. ಇನ್ನೂ ದಪ್ಪ ಕಾಳು ಬೇಕೆನ್ನುವವರಿಗೆ ತಲಚೇರಿಯ ಹೆಸರಿನ ದರ್ಜೆಗಳಿವೆ. 4 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ನಿಂತದ್ದು 'ತೆಲ್ಲಿಚೆರಿ ಗಾರ್ಬಲ್ಡ್', 4.25ರ ಮೇಲೆ ನಿಂತದ್ದು 'ಎಕ್ಸ್‌ಟ್ರಾ ಬೋಲ್ಡ್', 4.75ರ ಮೇಲೆ ನಿಂತದ್ದು 'ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್'. ಹಸನು ಮಾಡದೆ ಹಾಗೇ ತುಂಬಿದ್ದು 'ಅನ್‌ಗಾರ್ಬಲ್ಡ್'. ಅಂದರೆ ವ್ಯಾಪಾರದಲ್ಲಿ ಗಾರ್ಬಲ್ ಆಗಿರುವುದಕ್ಕೇ ಬೆಲೆ ಹೆಚ್ಚು. ಕಾಕಾ ಅದನ್ನು ವಾಪಸ್ ಕಳಿಸಿದ್ದರೆ ಕಳಿಸಿದವರು ಖುಷಿಯಿಂದಲೇ ತಗೊಳ್ಳುತ್ತಿದ್ದರು.

ಈಗ ಶಬ್ದದ ಬೆನ್ನು ಹತ್ತೋಣ. ಅರಬ್ಬಿಯಲ್ಲಿ ಜರಡಿಗೆ 'ಗಿರ್ಬಾಲ್' ಅನ್ನುತ್ತಾರೆ. ಜರಡಿ ಹಿಡಿಯುವ ಕ್ರಿಯೆಗೆ 'ಗರ್ಬಲ'. ಮಲಬಾರ್ ಕಡಲತೀರದ ಮೆಣಸು ಕೆಂಪು ಸಮುದ್ರ ಹಾದು ಅಲೆಕ್ಸಾಂಡ್ರಿಯಾ ಮುಟ್ಟಿ, ಅಲ್ಲಿಂದ ವೆನಿಸ್ಸಿನ ಹಡಗು ಹತ್ತುತ್ತಿದ್ದ ಕಾಲವದು. ಅಷ್ಟು ದೂರ ಬರುವುದರೊಳಗೆ ಮೂಟೆಯಲ್ಲಿ ಮೆಣಸಿನ ಜೊತೆ ಏನೇನು ಸೇರಿರುತ್ತಿತ್ತೋ. ಕೊಳ್ಳುವವನು ಜರಡಿ ಹಿಡಿದು ನೋಡದೆ ಹಣ ಬಿಚ್ಚುತ್ತಿರಲಿಲ್ಲ. ಜರಡಿ ಅರಬ್ಬರದು, ಅದರ ಹೆಸರೂ ಅವರದೇ. ಇಟಲಿಯ ವ್ಯಾಪಾರಿಗಳು ಮೆಣಸಿನ ಜೊತೆ ಹೆಸರನ್ನೂ ಹೊತ್ತುಕೊಂಡು ಹೋಗಿ 'ಗಾರ್ಬೆಲ್ಲಾರೆ' ಅಂದರು. ಸ್ಪೇನಿನವರು ಜರಡಿಗೇ 'ಗಾರ್ಬಿಲ್ಲೊ' ಅಂದರು. ಇಂಗ್ಲೆಂಡಿನ ವ್ಯಾಪಾರಿಗಳ ಫ್ರೆಂಚಿನಲ್ಲಿ ಅದು 'ಗಾರ್ಬೆಲೆರ್' ಆಯಿತು. 15ನೇ ಶತಮಾನದ ಆರಂಭಕ್ಕೆ ಇಂಗ್ಲಿಷಿನೊಳಗೆ 'ಗಾರ್ಬಲ್' ಎಂದು ಕಾಲಿಟ್ಟಿತು. ಆಗಿನ ಅರ್ಥ ಒಂದೇ, ಮಸಾಲೆ ಪದಾರ್ಥದಿಂದ ಕಸ ತೆಗೆಯುವುದು. ಮಾತಿನ ಸುದ್ದಿಯೇ ಇರಲಿಲ್ಲ.

ತಮಾಷೆ ಏನೆಂದರೆ ಅರಬ್ಬರ 'ಗಿರ್ಬಾಲ್' ಕೂಡ ಹುಟ್ಟಾ ಅರಬ್ಬಿ ಅಲ್ಲ. ಲ್ಯಾಟಿನ್ನಿನಲ್ಲಿ ಜರಡಿಗೆ 'ಕ್ರಿಬ್ರುಮ್', ಸಣ್ಣ ಜರಡಿಗೆ 'ಕ್ರಿಬೆಲ್ಲುಮ್'. ಅದೇ ಅರಬ್ಬರ ನಾಲಿಗೆಯಲ್ಲಿ ಗಿರ್ಬಾಲ್ ಆದದ್ದು ಎಂದು ಹೆಚ್ಚಿನ ಶಬ್ದಕೋಶಗಳು ಹೇಳುತ್ತವೆ. ಹಾಗಾದರೆ ಯುರೋಪಿನ ಜರಡಿ ಅರಬ್ಬರ ಮನೆಗೆ ಹೋಗಿ, ಅಲ್ಲಿ ಹೆಸರು ಬದಲಿಸಿಕೊಂಡು, ಮೆಣಸಿನ ಮೂಟೆ ಏರಿ ತವರಿಗೆ ವಾಪಸಾಯಿತು. ತವರಿನವರಿಗೆ ಗುರುತೇ ಸಿಗಲಿಲ್ಲ. ಆ ಲ್ಯಾಟಿನ್ ಶಬ್ದ ನಿಮ್ಮ ಮೂಗಿನ ಮೇಲ್ಛಾವಣಿಯಲ್ಲೂ ಕೂತಿದೆ. ಅಲ್ಲಿರುವ ತೂತುತೂತಾದ ತೆಳು ಎಲುಬಿಗೆ ವೈದ್ಯರು 'ಕ್ರಿಬ್ರಿಫಾರ್ಮ್ ಪ್ಲೇಟ್' ಅನ್ನುತ್ತಾರೆ, ಜರಡಿಯಂಥ ತಟ್ಟೆ ಎಂದು. ವಾಸನೆಯ ನರಗಳು ಆ ತೂತುಗಳಲ್ಲಿ ಹಾದೇ ಮಿದುಳಿಗೆ ಹೋಗುವುದು. ಮೆಣಸು ಮೂಸಿ ನೋಡುವಾಗೆಲ್ಲ ನಾವು ಒಂದು ಜರಡಿಯ ಮೂಲಕವೇ ಮೂಸುತ್ತೇವೆ.

ನೀವು ವಾಣಿಜ್ಯ ಓದುವವರು, ಇದು ನಿಮಗೆ ಹಿಡಿಸಬಹುದು. ಆ ಕಾಲದ ಲಂಡನ್ನಿನಲ್ಲಿ 'ಗಾರ್ಬ್ಲರ್' ಎಂಬುದೊಂದು ಹುದ್ದೆ. ಯಾವ ಅಂಗಡಿಗೆ, ಯಾವ ಗೋದಾಮಿಗೆ ಬೇಕಾದರೂ ನುಗ್ಗಿ ಮಸಾಲೆ, ಔಷಧಿ ಸಾಮಾನು ತಪಾಸಣೆ ಮಾಡಿ, ಕಸ ತೆಗೆಸುವ ಅಧಿಕಾರ ಅವನಿಗಿತ್ತು. ಇಂದಿನ ಫುಡ್ ಇನ್‌ಸ್ಪೆಕ್ಟರನ ಮೂಲಪುರುಷ ಎನ್ನಿ. ಮೆಣಸಿನ ವ್ಯಾಪಾರಿಗಳ ಸಂಘ 1180ರಷ್ಟು ಹಿಂದೆಯೇ ಅಲ್ಲಿತ್ತು. 14ನೇ ಶತಮಾನದಲ್ಲಿ ಅವರು 'ಗ್ರೋಸರ್'ಗಳಾದರು. ಸಗಟು, ಅಂದರೆ 'ಗ್ರೋಸ್' ಲೆಕ್ಕದಲ್ಲಿ ಕೊಳ್ಳುವವರು ಎಂಬುದು ಆ ಹೆಸರಿನ ಅರ್ಥ. ಇಂದು ಚಿಲ್ಲರೆ ಮಾರುವವನೂ ಗ್ರೋಸರ್ರೇ. ಈ ಜರಡಿ ಕೆಲಸದ ಮೇಲ್ವಿಚಾರಣೆ ಬಹುಕಾಲ ಅವರದಾಗಿತ್ತು. ಮೊದಲನೆಯ ಜೇಮ್ಸ್ ದೊರೆಯ ಕಾಲದಲ್ಲಿ ಮಸಾಲೆ ಸರಿಯಾಗಿ ಗಾರ್ಬಲ್ ಆಗಬೇಕು ಎಂದೇ ಒಂದು ಕಾಯಿದೆ ಬಂತು. ಗಾರ್ಬಲ್ ಮಾಡುವುದು ಅಪರಾಧವಲ್ಲ, ಮಾಡದಿರುವುದು ಅಪರಾಧ!

ಹೀಗೆ ಮರ್ಯಾದಸ್ಥವಾಗಿ ಬಾಳುತ್ತಿದ್ದ ಶಬ್ದ ಹಾದಿ ತಪ್ಪಿದ್ದು ಹೇಗೆ? ಇದಕ್ಕೆ ಉತ್ತರ ಇಂಗ್ಲೆಂಡಿಗಿಂತ ನಮ್ಮ ಮನೆ ಕಟ್ಟೆಯ ಮೇಲೆ ಚೆನ್ನಾಗಿ ತಿಳಿಯುತ್ತದೆ.

ನಮ್ಮ ಅವ್ವ ತೊಗರಿ ಹಸನ ಮಾಡಲು ಕೂತಳೆಂದರೆ ಎರಡು ಸಾಣಿಗಿ, ಅಂದರೆ ಜರಡಿ, ಪಕ್ಕಕ್ಕಿರುತ್ತಿದ್ದವು, ಜೊತೆಗೆ ಒಂದು ಮರ. ನಿಮ್ಮ ಕಡೆಯೂ ಮರ ಅನ್ನುತ್ತೀರಲ್ಲ, ಬೆಂಗಳೂರಿನವರ ಮೊರ. ಮೊದಲು ದೊಡ್ಡ ಕಣ್ಣಿನ ಸಾಣಿಗಿ. ಕಾಳು ಕೆಳಗೆ ಬೀಳುತ್ತದೆ, ಸಿಪ್ಪೆ, ಕಡ್ಡಿ, ಹೆಂಟೆ ಮೇಲೆ ನಿಲ್ಲುತ್ತವೆ. ಆಮೇಲೆ ಸಣ್ಣ ಕಣ್ಣಿನದು. ಈಗ ಕಾಳು ಮೇಲೆ ನಿಲ್ಲುತ್ತದೆ, ಮಣ್ಣು, ನುಚ್ಚು ಕೆಳಗೆ ಬೀಳುತ್ತವೆ. ಕೊನೆಗೆ ಮರದಲ್ಲಿ ಕೇರುವುದು. ಜಳ್ಳು ಮುಂದಕ್ಕೆ ಹಾರುತ್ತದೆ, ಗಟ್ಟಿ ಹಿಂದಕ್ಕೆ ಉಳಿಯುತ್ತದೆ. ಆಮೇಲೂ ಉಳಿದ ಹಳ್ಳನ್ನು ಬೆರಳಿಂದ ಆರಿಸುತ್ತಿದ್ದಳು. ನಾನು ಸಣ್ಣವನಿದ್ದಾಗ ಸಹಾಯ ಮಾಡಲು ಹೋಗಿ, ಎರಡನೇ ಸಾಣಿಗಿಯ ಕೆಳಗೆ ಬಿದ್ದದ್ದೇ ಕಾಳು ಎಂದುಕೊಂಡು ಮೇಲಿನದನ್ನು ತಿಪ್ಪೆಗೆ ಚೆಲ್ಲಲು ಹೊರಟಿದ್ದೆ. "ಏ ಹುಚ್ಚಪ್ಪ, ಸಾಣಿಗಿಗೇನ್ ಗೊತ್ತಿರ್ತದ ಯಾವ್ದು ಕಾಳು ಯಾವ್ದು ಕಸ ಅಂತ? ಹಿಡದಾಕಿಗಿ ಗೊತ್ತಿರಬೇಕು" ಅಂದಿದ್ದಳು.

ಜರಡಿಗೆ ಕಾಳು, ಕಸ ಎಂಬ ಭೇದವಿಲ್ಲ. ಅದಕ್ಕೆ ಗೊತ್ತಿರುವುದು ದಪ್ಪ, ಸಣ್ಣ ಮಾತ್ರ. ಹಿಟ್ಟು ಜರಡಿ ಹಿಡಿದಾಗ ಕೆಳಗಿನದು ಬೇಕು, ತೊಗರಿ ಜರಡಿ ಹಿಡಿದಾಗ ಮೇಲಿನದು ಬೇಕು. ಯಾವುದು ಬೇಕು ಎನ್ನುವುದು ಹಿಡಿದ ಕೈಯ ತೀರ್ಮಾನ. ಇಂಗ್ಲಿಷಿನವರು ಈ ಶಬ್ದವನ್ನು ಮಸಾಲೆಯಿಂದ ಬಿಡಿಸಿ ಬೇರೆ ಕಡೆ ಬಳಸತೊಡಗಿದಾಗ ಈ ಕೈಯೇ ಎದ್ದು ಕಂಡಿತು. ಸೈನ್ಯವನ್ನು ಗಾರ್ಬಲ್ ಮಾಡಿದರು, ಅಂದರೆ ತಮಗೆ ಆಗದವರನ್ನು ಆರಿಸಿ ತೆಗೆದರು. ನಾಣ್ಯ ಗಾರ್ಬಲ್ ಮಾಡಿದರು. ಇದರಲ್ಲಿ ಸ್ವಲ್ಪ ಜಾಣತನವಿದೆ. ಹೊಸದಾಗಿ ಟಂಕಿಸಿದ ತೂಕದ ನಾಣ್ಯಗಳನ್ನು ಆರಿಸಿಕೊಂಡು ಕರಗಿಸಿ ಲೋಹ ಮಾರುವುದು, ಸವೆದು ಹಗುರಾದವನ್ನು ಮತ್ತೆ ಬಜಾರಿಗೆ ಬಿಡುವುದು. ಕೆಲಸ ಅದೇ ಜರಡಿಯದು, ಆದರೆ ಒಳ್ಳೆಯದು ತನ್ನ ಜೇಬಿಗೆ, ಜಳ್ಳು ಊರಿಗೆ.

ಇಲ್ಲಿಂದ ಮಾತಿಗೆ ಒಂದೇ ಹೆಜ್ಜೆ. 1680ರ ದಶಕದ ಹೊತ್ತಿಗೆ ಒಬ್ಬರ ಬರಹದಿಂದ, ಹೇಳಿಕೆಯಿಂದ ತನಗೆ ಬೇಕಾದ ಚೂರುಗಳನ್ನಷ್ಟೇ ಆರಿಸಿ, ಉಳಿದದ್ದನ್ನು ಬಿಟ್ಟು, ಅರ್ಥ ಬೇರೆಯಾಗುವಂತೆ ಮುಂದಿಡುವುದಕ್ಕೂ ಗಾರ್ಬಲ್ ಎಂದರು. ಹೊಸ ಅರ್ಥ ಬಂತೆಂದು ಹಳೆಯದು ಓಡಿಹೋಗಲಿಲ್ಲ. 1755ರ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಇನ್ನೂ ಜರಡಿ ಹಿಡಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸು ಎಂಬ ಅರ್ಥವೇ ಇದೆ.

ಇಂಥ ಗಾರ್ಬಲ್ ನನ್ನ ಮೇಲೂ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದಲ್ಲಿ ನಾನು ಹೇಳಿದ್ದು ಇಷ್ಟು: "ಹಳ್ಳಿಯ ಮಕ್ಕಳಿಗೆ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬೇಕು ಅನ್ನುವವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡ ಗಟ್ಟಿಯಾಗದ ಮಗುವಿಗೆ ಇಂಗ್ಲಿಷ್ ಹತ್ತುವುದಿಲ್ಲ." ಮರುದಿನ ಒಂದು ಪತ್ರಿಕೆಯಲ್ಲಿ, ಹೆಸರು ಬೇಡ, ನನ್ನ ಫೋಟೋ ಸಮೇತ ದಪ್ಪಕ್ಷರದಲ್ಲಿ ಬಂತು: "ಹಳ್ಳಿಯ ಮಕ್ಕಳಿಗೆ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬೇಕು." ಒಂದಕ್ಷರವೂ ಅವರದ್ದಲ್ಲ, ಎಲ್ಲ ನನ್ನ ಬಾಯಿಂದ ಬಂದದ್ದೇ. ತಕರಾರು ಮಾಡಲು ಹೋದರೆ "ಸರ್, ಇದು ನೀವೇ ಆಡಿದ ಮಾತಲ್ರಿ" ಅಂದರು. ನಿಜ, ನನ್ನದೇ. ಸಾಣಿಗಿ ಮಾತ್ರ ಅವರದು. ಗೆಳೆಯನೊಬ್ಬ ಆ ಕಟಿಂಗನ್ನು ಇಂದಿಗೂ ಇಟ್ಟುಕೊಂಡಿದ್ದಾನೆ, ಮದುವೆ ಮುಂಜಿಗಳಲ್ಲಿ ಸಿಕ್ಕಾಗೆಲ್ಲ ನೆನಪಿಸುತ್ತಾನೆ.

ಹಾಗಾಗಿ ನನ್ನ ಮಟ್ಟಿಗೆ ಗಾರ್ಬಲ್ ಬೇರೆ, ಸುಳ್ಳು ಬೇರೆ, ಖೋಟಾ ಬೇರೆ. ನೀವು ಬೀದರ್‌ಗೆ ಹೋಗಿದ್ದರೆ ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ, 1472ರದ್ದು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದವನು. 'ಮಲಿಕ್-ಉತ್-ತುಜ್ಜಾರ್', ಅಂದರೆ ವ್ಯಾಪಾರಿಗಳ ಒಡೆಯ ಎಂಬ ಬಿರುದೂ ಅವನಿಗಿತ್ತು. ಆಗದವರು ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಅದರಲ್ಲಿ ರಾಜದ್ರೋಹದ ಒಕ್ಕಣೆ ಬರೆದು ಸುಲ್ತಾನನ ಮುಂದೆ ಹಿಡಿದರು. 1481ರಲ್ಲಿ ಅವನ ತಲೆ ಹೋಯಿತು. ಅದು ಗಾರ್ಬಲ್ ಅಲ್ಲ, ಶುದ್ಧ ಖೋಟಾ. ಅಲ್ಲಿ ಇಲ್ಲದ್ದನ್ನು ಸೇರಿಸಿದರು, ಗಾರ್ಬಲ್‌ನಲ್ಲಿ ಇದ್ದದ್ದನ್ನು ತೆಗೆಯುತ್ತಾರೆ. ಖೋಟಾವನ್ನು ಹಿಡಿಯಬಹುದು, ಕೈಬರಹ, ಶಾಯಿ, ತಾರೀಖು ಏನಾದರೂ ಒಂದು ಬಾಯಿ ಬಿಡುತ್ತದೆ. ಗಾರ್ಬಲ್ ಹಿಡಿಯಬೇಕಾದರೆ ಪೂರ್ತಿ ಮಾತು ಎಲ್ಲಾದರೂ ಉಳಿದಿರಬೇಕು.

ಇಲ್ಲಿಯವರೆಗಿನ ಗಾರ್ಬಲ್‌ನಲ್ಲಿ ಒಂದು ಕೈ ಇದೆ, ಒಂದು ಉದ್ದೇಶವಿದೆ. ಮುಂದೆ ಅದೂ ಸವೆಯಿತು. ಯಾರು ಕೆಡಿಸಿದರು ಎಂಬುದು ಮರೆತು, ಕೆಟ್ಟಿದೆ ಎಂಬುದಷ್ಟೇ ಉಳಿಯಿತು. ತಂತಿ, ರೇಡಿಯೋ, ಟೆಲಿಫೋನು ಬಂದ ಮೇಲಂತೂ ದಾರಿಯಲ್ಲಿ ಹದಗೆಟ್ಟ ಸಂದೇಶಕ್ಕೆಲ್ಲ ಗಾರ್ಬಲ್ಡ್ ಎಂಬುದೇ ಹೆಸರಾಯಿತು. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಗಾಡಿಯ ನಂಬರು ಕೇಳಿ ಪ್ಲಾಟ್‌ಫಾರಂ ನಂಬರು ಕೇಳದಿದ್ದರೆ, ನಿದ್ದೆಗಣ್ಣಿನಲ್ಲಿ ಯಾರೋ ಬಡಬಡಿಸಿದರೆ, ಎಲ್ಲವೂ ಗಾರ್ಬಲ್ಡ್. ಆದರೂ ಹಳೆಯ ಜರಡಿ ಪೂರ್ತಿ ಹೋಗಿಲ್ಲ ಅಂತ ನನಗನಿಸುತ್ತದೆ. ಇಂದಿನ ಮೊಬೈಲಿನಲ್ಲಿ ನಿಮ್ಮ ದನಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಸಿಗ್ನಲ್ ಇಲ್ಲದ ಕಡೆ ಅವುಗಳಲ್ಲಿ ಕೆಲವು ದಾರಿಯಲ್ಲೇ ಉದುರಿಹೋಗುತ್ತವೆ. "ಹಲೋ... ನಾಳಿ... ಬರ್ಲಿಕ್... ಇಲ್ಲ" ಎಂದು ಕೇಳುವುದು ಅದಕ್ಕೇ. ನಾಳೆ ಬರುತ್ತಾನೋ ಇಲ್ಲವೋ ನೀವೇ ತೀರ್ಮಾನಿಸಬೇಕು.

ಗಾರ್ಬಲ್ಡ್ ಎನ್ನುವುದರ ಅತ್ಯಂತ ಸ್ಪಷ್ಟ ನಮೂನೆ ಬೇಕಾದರೆ ಡಿಟಿಪಿ ಅಂಗಡಿಗೆ ಹೋಗಿ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಶಬ್ದ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೀಟು ಎಳೆದ 'ಎ', ಅದರ ಪಕ್ಕ ಬ್ರಿಟಿಷರ ಪೌಂಡ್ ಗುರುತು, ಹೀಗೆ ಒಂದು ಮೆರವಣಿಗೆ ಕಾಣುತ್ತದೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕುರ್ಚಿಯಲ್ಲಿ ಕೂಡಿಸಿದ್ದರು. ಫಾಂಟ್ ಇದ್ದರೆ ಕುರ್ಚಿಯಲ್ಲಿ ಕೂತವರು ಕಾಣುತ್ತಾರೆ, ಇಲ್ಲದಿದ್ದರೆ ಬರೀ ಕುರ್ಚಿ ಕಾಣುತ್ತದೆ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಕುರ್ಚಿಗಳಿವೆ. ಹಾಗಿದ್ದೂ ಮದುವೆ ಪತ್ರಿಕೆಯ ಫೈಲು ಪ್ರೆಸ್ಸಿಗೆ ಮುಟ್ಟುವಾಗ ವರನ ಹೆಸರಿನಲ್ಲಿ ಪೌಂಡ್ ಗುರುತು ಕಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ. ವರದಕ್ಷಿಣೆ ಈಗ ಪೌಂಡಿನಲ್ಲಿ ಕೇಳುತ್ತಾರೇನೋ ಅಂತ ಒಬ್ಬರು ನಕ್ಕರು. ನೋಡಿ, ಇಲ್ಲಿ ಒಂದಕ್ಷರವೂ ಕಳೆದಿಲ್ಲ, ಓದುವ ಕೀಲಿ ಮಾತ್ರ ಕಳೆದಿದೆ. ಜರಡಿಯ ಅರ್ಥದಿಂದ ಶಬ್ದ ಅಷ್ಟು ದೂರ ಬಂದಿದೆ.

ನೀವು ಮಾತಿಗೂ ಮೆಣಸಿಗೂ ಏನು ಸಂಬಂಧ ಅಂದಿರಿ. ಈ ಸಂಬಂಧ ಇಂಗ್ಲಿಷಿನವರೊಬ್ಬರ ಸೊತ್ತಲ್ಲ. ನಿಮ್ಮ ಗಲ್ಲಾದಲ್ಲೇ ಅದರ ಬಂಧು ಇದ್ದಾನೆ: 'ನಗದು'. ಅರಬ್ಬಿಯ 'ನಕ್ದ್'. ಅದರ ಹಳೆಯ ಅರ್ಥ ನಾಣ್ಯಗಳನ್ನು ಪರೀಕ್ಷಿಸಿ ಒಳ್ಳೆಯದನ್ನೂ ಖೊಟ್ಟಿಯನ್ನೂ ಬೇರೆ ಮಾಡುವುದು. ಅಲ್ಲಿಂದ ಪರೀಕ್ಷೆಯಾದ, ಕೈಗೆ ಬರುವ ಹಣ ಎಂದಾಯಿತು. ಈ ಅರ್ಥವೇ ಪರ್ಷಿಯನ್, ಉರ್ದು ಹಾದಿ ಹಿಡಿದು ನಮ್ಮ ಬಜಾರಿಗೆ ಬಂತು. ಅರಬ್ಬಿಯಲ್ಲೇ ಉಳಿದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ 'ನಕ್ದ್' ಅಂದರೆ ವಿಮರ್ಶೆ ಕೂಡ. ಸಾಹಿತ್ಯ ವಿಮರ್ಶೆಗೂ ಅದೇ ಶಬ್ದ! ಇಂಗ್ಲಿಷಿನ 'ಕ್ರಿಟಿಕ್' ಬಂದಿರುವುದು ಬೇರ್ಪಡಿಸು, ತೀರ್ಮಾನಿಸು ಎನ್ನುವ ಗ್ರೀಕ್ ಧಾತುವಿನಿಂದ. ಆ ಧಾತುವಿಗೂ ಲ್ಯಾಟಿನ್ನಿನ ಜರಡಿಗೂ ಬೇರು ಒಂದೇ. ಹಾಗೆ ನೋಡಿದರೆ ಗಾರ್ಬ್ಲರ್, ಕ್ರಿಟಿಕ್ ಇಬ್ಬರೂ ದೂರದ ದಾಯಾದಿಗಳು. ವಿಮರ್ಶಕರ ಕೈಗೆ ಸಿಕ್ಕ ಲೇಖಕರು ಇದನ್ನು ಕೇಳಿದರೆ ಆಶ್ಚರ್ಯಪಡಲಿಕ್ಕಿಲ್ಲ.

ಗಂಜಿನಲ್ಲಿ ಒಂದು ಸುತ್ತು ಹಾಕಿದರೆ ಇಂಥ ಪ್ರಯಾಣಿಕರು ಇನ್ನೂ ಸಿಗುತ್ತಾರೆ. ಮೂಟೆ ಹೊರುವ 'ಹಮಾಲ', ವ್ಯವಹಾರ ಕುದುರಿಸುವ 'ದಲಾಲ', ಅವರು ಹೊತ್ತು ಮಾರುವ 'ಮಾಲು', ಉಳಿದ 'ಬಾಕಿ', ಬರೆದಿಡುವ 'ಹಿಸಾಬು', ಎಲ್ಲ ಅರಬ್ಬಿ ಮೂಲದವು. ಕಡಲ ವ್ಯಾಪಾರ, ಬಹಮನಿಗಳ ಆಳ್ವಿಕೆ, ಆಮೇಲೆ 1948ರವರೆಗಿನ ನಿಜಾಮರ ಕಚೇರಿ, ಹೀಗೆ ಅಲೆ ಅಲೆಯಾಗಿ ಇಲ್ಲಿಗೆ ಮುಟ್ಟಿದವು. 'ಗಿರ್ಬಾಲ್' ಪಡುವಣಕ್ಕೆ ಹೋಯಿತು, ಇವು ಮೂಡಣಕ್ಕೆ ಬಂದವು. ಇವುಗಳಲ್ಲಿ ನನಗೆ ಅತಿ ಇಷ್ಟದ್ದು 'ದಿನಸಿ'. ದಿನಾ ಬೇಕಾಗುವ ಸಾಮಾನು, ಅದಕ್ಕೇ ದಿನಸಿ ಎಂದು ನನ್ನ ವಿದ್ಯಾರ್ಥಿಗಳೆಲ್ಲ ಹೇಳುತ್ತಿದ್ದರು. ಕೇಳಲು ಚೆಂದ, ಆದರೆ ಸರಿಯಲ್ಲ. ಅದು 'ಜಿನಸು', ಅರಬ್ಬಿಯ 'ಜಿನ್ಸ್', ಅಂದರೆ ಜಾತಿ, ಬಗೆ, ನಮೂನೆ. ಅರಬ್ಬರಿಗೆ ಅದು ಸಿಕ್ಕಿದ್ದು ಗ್ರೀಕರ 'ಗೆನೊಸ್'ನಿಂದ. ಜೀವಶಾಸ್ತ್ರದಲ್ಲಿ 'ಜೀನಸ್' ಎಂದು ಓದುತ್ತೀರಲ್ಲ, ಅದು ಇದರದೇ ಸಂಬಂಧಿ. ನಿಮ್ಮ ಕಾಕಾ ಅವರ ದಿನಸಿ ಅಂಗಡಿಯಲ್ಲಿ ಗ್ರೀಸ್ ದೇಶದ ಶಬ್ದವೂ ಒಂದು ಮೂಲೆಯಲ್ಲಿ ಕೂತಿದೆ.

ಅರ್ಥ ಕೆಡುವ ವಿಷಯದಲ್ಲೂ ನಾವು ಹಿಂದಿಲ್ಲ. ಮೇಲೆ ನಾನೇ 'ತಕರಾರು' ಎಂದು ಬರೆದೆ. ಅರಬ್ಬಿಯಲ್ಲಿ 'ತಕ್ರಾರ್' ಅಂದರೆ ಬರೀ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಹೇಳುವುದು. ಹೇಳಿದ್ದನ್ನೇ ಹತ್ತು ಸಲ ಹೇಳಿದರೆ ಏನಾಗುತ್ತದೆ? ಜಗಳವಾಗುತ್ತದೆ. ಅಷ್ಟೇ, ಶಬ್ದ ಅಲ್ಲಿಗೆ ಹೋಗಿ ನಿಂತಿತು. 'ಗರೀಬ' ಕೂಡ ಮೂಲದಲ್ಲಿ ಪರಸ್ಥಳದವನು, ಅಪರಿಚಿತ. ಊರು ಬಿಟ್ಟು ಬಂದವನ ಕೈಯಲ್ಲಿ ಕಾಸಿಲ್ಲದ್ದನ್ನು ಕಂಡೇ ಅದು ಬಡವ ಎಂದಾಗಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಶಬ್ದಗಳ ಬೆನ್ನು ಹತ್ತುವ ಚಟ ಹತ್ತಿದವರಿಗೆ ಸದ್ದು ಹೊಂದಿದ್ದೆಲ್ಲ ಸಂಬಂಧಿಯಾಗಿ ಕಾಣತೊಡಗುತ್ತದೆ. 'ಗರೀಬ'ಕ್ಕೂ 'ಗರ್ಬಲ'ಕ್ಕೂ ಏನೂ ಸಂಬಂಧವಿಲ್ಲ. ಇಂಗ್ಲಿಷಿನ 'ಗಾರ್ಗಲ್', ಬಾಯಿ ಮುಕ್ಕಳಿಸುವುದು, ಗಂಟಲು ಎಂಬ ಫ್ರೆಂಚ್ ಶಬ್ದದಿಂದ ಬಂದದ್ದು, ಅದಕ್ಕೂ ಜರಡಿಗೂ ಸಂಬಂಧವಿಲ್ಲ. 'ಗಾರ್ಬೇಜ್' ಮೊದಲು ಕೋಳಿಯ ಕರುಳು-ಕೊಚ್ಚು ಎಂಬ ಅರ್ಥದ್ದು. ಗಾರ್ಬಲ್ ಮಾಡಿ ತೆಗೆದ ಕಸಕ್ಕೂ 'ಗಾರ್ಬಲ್ಸ್' ಎನ್ನುತ್ತಿದ್ದರು, ಬಹುಶಃ ಆ ನೆರಳು ಇದರ ಮೇಲೆ ಬಿದ್ದಿದೆ. 'ಗಿಬ್ಬರಿಶ್' ಎಂಬ ಇನ್ನೊಂದು ಶಬ್ದವನ್ನು ಜಾಬಿರ್ ಎಂಬ ಅರಬ್ ರಸವಾದಿಯ ಹೆಸರಿಗೆ ಗಂಟು ಹಾಕುತ್ತಾರೆ. ಒಳ್ಳೆಯ ಕಥೆ, ನಂಬಬೇಡಿ. ಅದು ನಮ್ಮ 'ಬಡಬಡ', 'ಗೊಣಗೊಣ'ದಂತೆ ಸದ್ದಿನಿಂದ ಹುಟ್ಟಿದ ಮಾತು. ಅರ್ಥವಾಗದ ಭಾಷೆ ಕಿವಿಗೆ ಬಿದ್ದಾಗ ಗ್ರೀಕರಿಗೆ 'ಬರ್ ಬರ್' ಎಂದು ಕೇಳಿ ಆಡಿದವನು 'ಬಾರ್ಬರೊಸ್' ಆದ. ಸಂಸ್ಕೃತದಲ್ಲೂ 'ಬರ್ಬರ' ಇದೆ.

ಎಲ್ಲಕ್ಕಿಂತ ದೊಡ್ಡ ಆಮಿಷ ನಮ್ಮೂರಿನ ಹೆಸರಿನಲ್ಲೇ ಇದೆ. ತುರ್ಕಿ ಭಾಷೆಯಲ್ಲಿ ಜರಡಿಗೆ 'ಕಲ್ಬುರ್' ಅನ್ನುತ್ತಾರೆ! ಅದೂ ಅರಬ್ಬಿಯ 'ಗಿರ್ಬಾಲ್'ನಿಂದಲೇ ಬಂದದ್ದು. ಇದನ್ನು ಮೊದಲು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ತೊಗರಿ ಕಣಜದ ಊರು, ಬೇಳೆಗೆ 2019ರಲ್ಲಿ ಜಿಐ ಟ್ಯಾಗು, ಅಂದರೆ ಭೌಗೋಳಿಕ ಗುರುತು, ಪಡೆದ ಊರು, ಬೇಳೆ ಮಿಲ್ಲುಗಳ ಜಾಳಿ ದಿನವಿಡೀ ಗಡಗಡ ಅನ್ನುವ ಊರು, ಅದರ ಹೆಸರೇ ಜರಡಿಯೇ? ಅಲ್ಲ. ಬರೀ ಕಾಕತಾಳೀಯ. 1347ರಲ್ಲಿ ಬಹಮನಿಗಳು ಇಲ್ಲಿ ಗದ್ದುಗೆ ಏರುವ ಮೊದಲೇ ಊರಿಗೆ ಕನ್ನಡದ ಹೆಸರಿತ್ತು, ಅದರಲ್ಲಿ 'ಕಲ್ಲು' ಇದೆ ಎಂದೇ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಪರ್ಷಿಯನ್ ಕಿವಿಗೆ ಆ ಹೆಸರು ಬಿದ್ದಾಗ 'ಗುಲ್', ಹೂವು, 'ಬರ್ಗ್', ಎಲೆ ಎಂದು ಕೇಳಿ 'ಗುಲ್ಬರ್ಗಾ' ಆಯಿತು. ಕಲ್ಲಿದ್ದ ಕಡೆ ಹೂ ಅರಳಿತು. 2014ರ ನವೆಂಬರ್ 1ರಂದು ಸರ್ಕಾರ ಮತ್ತೆ ಕಲಬುರಗಿ ಎಂದಿತು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಮಾತ್ರ ಇದು ಎಂದೂ ಗುಲ್ಬರ್ಗಾ ಆಗಿರಲೇ ಇಲ್ಲ. ಅವರು ಹುಟ್ಟಿದಾಗಿನಿಂದ ಕಲಬುರ್ಗಿ ಅಂತಲೇ ಅನ್ನುತ್ತಿದ್ದರು.

ಇನ್ನು ಕನ್ನಡದಲ್ಲಿ ಏನನ್ನಬೇಕು ಎಂಬ ಪ್ರಶ್ನೆ. ಒಂದೇ ಶಬ್ದ ಹುಡುಕಿದರೆ ಕೆಲಸ ಕೆಡುತ್ತದೆ, ಸಂದರ್ಭ ನೋಡಿ ಹಾಕಿ. ಒಬ್ಬರ ಮಾತನ್ನು ಬೇಕಂತಲೇ ಕತ್ತರಿಸಿ ಅರ್ಥ ಬದಲಿಸಿದ್ದರೆ 'ತಿರುಚಿದ ಹೇಳಿಕೆ' ಚಲಾವಣೆಯಲ್ಲಿದೆ. ನನಗೆ ಅಷ್ಟು ಹಿಡಿಸುವುದಿಲ್ಲ. ತಿರುಚುವುದು ಹಗ್ಗ ಹೊಸೆಯುವ ಕೆಲಸ, ಇಲ್ಲಿ ನಡೆದಿರುವುದು ಆರಿಸುವ ಕೆಲಸ. 'ಹಿಂದುಮುಂದು ಕತ್ತರಿಸಿದ ಮಾತು' ಹೆಚ್ಚು ನಿಖರ. ಫೋನಿನಲ್ಲಿ ಸರಿಯಾಗಿ ಕೇಳದಿದ್ದರೆ 'ಮಾತು ಹರಿದು ಹರಿದು ಬರ್ತಿದೆ' ಎಂದು ನಾವೆಲ್ಲ ಹೇಳುವುದೇ ಸಾಕು. ಒಬ್ಬರಿಂದೊಬ್ಬರಿಗೆ ದಾಟಿ ಏನೋ ಆದ ಸುದ್ದಿಗೆ 'ಕಲಸುಮೇಲೋಗರ'. ಕಂಪ್ಯೂಟರಿನಲ್ಲಿ ಕೆಟ್ಟ ಅಕ್ಷರಗಳಿಗೆ 'ಅಕ್ಷರ ಒಡೆದಿದೆ' ಎಂದು ಡಿಟಿಪಿಯವರೇ ಹೇಳುತ್ತಾರೆ, ಅದಕ್ಕಿಂತ ಒಳ್ಳೆಯದು ನನಗೆ ತೋಚಿಲ್ಲ. ಕುಡಿದವನ, ಲಕ್ವ ಹೊಡೆದವನ ಮಾತಿಗೆ ಇಂಗ್ಲಿಷಿನಲ್ಲಿ 'ಸ್ಲರ್ಡ್' ಹೆಚ್ಚು ಸರಿ, ಕನ್ನಡದಲ್ಲಿ 'ತೊದಲು'. ಮೆಣಸಿನ ಚೀಲಕ್ಕಾದರೆ ಕಣ್ಣು ಮುಚ್ಚಿಕೊಂಡು 'ಹಸನು ಮಾಡಿದ್ದು' ಎನ್ನಿ. ಪರೀಕ್ಷೆಯಲ್ಲಿ ಈ ಶಬ್ದದ ಅರ್ಥ ಕೇಳಿದರೆ ಮಾತ್ರ ಮೆಣಸಿನ ಕಥೆ ಬರೆಯಬೇಡಿ, ತಿರುಚು, ಕೆಡಿಸು ಎಂದೇ ಬರೆಯಿರಿ. ಪೇಪರು ತಿದ್ದುವವರು ಎಂಜಿ 1 ಚೀಲ ನೋಡಿರುವ ಸಂಭವ ಕಡಿಮೆ.

ಕನ್ನಡದವರು ಮಾತಿಗೆ ಬಜಾರಿನ ಉಪಮೆ ತಂದಾಗ ಜರಡಿಯನ್ನಲ್ಲ, ತಕ್ಕಡಿಯನ್ನು ತಂದರು. 'ಅಳೆದು ತೂಗಿ ಮಾತಾಡು', 'ತೂಕದ ಮಾತು' ಎನ್ನುತ್ತೇವೆ. ಇಷ್ಟು ಶತಮಾನವಾದರೂ ಅದಕ್ಕೆ ಕೆಟ್ಟ ಅರ್ಥ ಬಂದಿಲ್ಲ. ಅಂಗಡಿಗಳ ತಕ್ಕಡಿಯ ಬಗ್ಗೆ ಗಿರಾಕಿಗಳಿಗಿರುವ ಅಭಿಪ್ರಾಯ ಗೊತ್ತಿದ್ದೂ ಹೀಗಾಗಿದೆ ಅನ್ನುವುದು ಆಶ್ಚರ್ಯ. ಕಾಕಾ ಬೇಸರ ಮಾಡಿಕೊಳ್ಳಬಾರದು.

ಅವರಿಗೆ ಇನ್ನೊಂದು ಮಾತು ಹೇಳಿ. ಮುಂದೆ ಎಂದಾದರೂ ಚೀಲದ ಮೇಲೆ 'ಅನ್‌ಗಾರ್ಬಲ್ಡ್' ಅಂತ ಕಂಡರೆ, ಹಣ ಕೊಡುವ ಮೊದಲು ಒಂದು ಹಿಡಿ ಅಂಗೈಯಲ್ಲಿ ತಗೊಂಡು ಊದಿ ನೋಡಲಿ. ಹಾರಿಹೋದದ್ದು ಜಳ್ಳು.